ಕೊಪ್ಪಳದ ಹುಡುಗಿಗೆ ಬೆಂಗಳೂರಿನಿಂದ ಗೋಲ್‌ಕೀಪರ್ ಟ್ರಯಲ್ ಕರೆ: ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಕಳಿಸಬೇಕಾ?

ಮುನಿರಾಬಾದ್_ಮಾಮ

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗಳ ವಿಷಯ. ಕೊಪ್ಪಳ ತಾಲೂಕಿನ ಸರ್ಕಾರಿ ಹೈಸ್ಕೂಲಿನಲ್ಲಿ ಈ ವರ್ಷ ಎಸ್ಸೆಸ್ಸೆಲ್ಸಿ. ಮೊದಲು ಥ್ರೋಬಾಲ್, ಕಬಡ್ಡಿ ಆಡುತ್ತಿದ್ದಳು. ಎಂಟನೇ ಕ್ಲಾಸಿನಲ್ಲಿದ್ದಾಗ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರ್ ಸಿಗಲಿಲ್ಲ ಅಂತ ಪಿ.ಟಿ. ಸರ್ ಇವಳನ್ನು ನಿಲ್ಲಿಸಿದರು. ಎತ್ತರ ಇದ್ದಾಳೆ, ಚೆಂಡಿಗೆ ಹೆದರಲ್ಲ, ಅಷ್ಟೇ ಕಾರಣ. ಈಗ ಅದೇ ಹುಚ್ಚು.

ಈ ಸಲ ಕಲಬುರಗಿ ವಿಭಾಗ ಮಟ್ಟದಲ್ಲಿ ಇವರ ತಂಡ ಸೋತಿತು. ಆದರೆ ಪಂದ್ಯ ನೋಡಲು ಬಂದಿದ್ದ ಬೆಂಗಳೂರಿನ ಒಂದು ಕ್ಲಬ್ಬಿನವರು ಇವಳ ಆಟ ಮೆಚ್ಚಿ, ಪರೀಕ್ಷೆ ಮುಗಿದ ಮೇಲೆ ಟ್ರಯಲ್‌ಗೆ ಕರೆದುಕೊಂಡು ಬನ್ನಿ ಅಂತ ನಂಬರ್ ಕೊಟ್ಟು ಹೋಗಿದ್ದಾರೆ.

ಮನೆಯಲ್ಲಿ ಈಗ ಮೂರು ಪಾರ್ಟಿ. ಅಕ್ಕ ಕಳಿಸೋಣ ಅನ್ನುತ್ತಾಳೆ. ಭಾವ ನಾಲೆ ನೀರು, ಮೂರು ಎಕರೆ ಭತ್ತ ನಂಬಿದವರು, ಅವರದು "ಇದರಿಂದ ಹೊಟ್ಟೆ ತುಂಬುತ್ತಾ?" ಅಂತ ಒಂದೇ ಪ್ರಶ್ನೆ. ನಮ್ಮವ್ವ ಮಾತ್ರ "ಹೆಣ್ಣುಹುಡುಗಿ ಚಡ್ಡಿ ಹಾಕ್ಕೊಂಡು ಊರೂರು ತಿರುಗೋದಾ" ಅಂತ ಊಟ ಬಿಟ್ಟು ಕೂತಿದ್ದಳು. ಸಂಜೆ ಹೊತ್ತಿಗೆ ಉಂಡಳು, ಅದು ಬೇರೆ ಮಾತು.

16 ವರ್ಷ ಅಂದರೆ ತಡ ಆಯ್ತಾ? ಗೋಲ್‌ಕೀಪರ್ ಆಗಿ ಜೀವನ ನಡೆಸೋಕೆ ಆಗುತ್ತಾ? ಪಿಯುಸಿ ಬಿಡಬೇಕಾಗುತ್ತಾ? ಗೊತ್ತಿರುವವರು ಹೇಳಿ. ಸುಮ್ನೆ "ಆಲ್ ದಿ ಬೆಸ್ಟ್" ಬೇಡ.

ಸಿಂಧನೂರು_ಪಿಟಿ

ಮಾಮ ಅವರೇ, 16 ತಡ ಅಲ್ಲ. ಬೇರೆ ಜಾಗಕ್ಕಾಗಿದ್ದರೆ ನಾನೇ ತಡ ಅನ್ನುತ್ತಿದ್ದೆ. ಗೋಲ್‌ಕೀಪರ್‌ಗಳು ತಡವಾಗಿ ಬರುತ್ತಾರೆ, ತಡವಾಗಿ ಮಾಗುತ್ತಾರೆ. ಅಮೆರಿಕದ ಹೋಪ್ ಸೋಲೋ ಹೈಸ್ಕೂಲಿನಲ್ಲಿ ಗೋಲು ಹೊಡೆಯುವ ಫಾರ್ವರ್ಡ್ ಆಗಿದ್ದರು. ಪೂರ್ತಿ ಕೀಪರ್ ಆದದ್ದು ವಾಷಿಂಗ್ಟನ್ ಯೂನಿವರ್ಸಿಟಿ ಸೇರಿದ ಮೇಲೆ. ಇಂಗ್ಲೆಂಡಿನ ಹ್ಯಾನಾ ಹ್ಯಾಂಪ್ಟನ್ ಚಿಕ್ಕಂದಿನಲ್ಲಿ ಸ್ಪೇನಿನ ವಿಯ್ಯಾರಿಯಲ್ ಅಕಾಡೆಮಿಯಲ್ಲಿ ಸ್ಟ್ರೈಕರ್. ನಮ್ಮ ಅದಿತಿ ಚೌಹಾಣ್ ದೆಹಲಿಯಲ್ಲಿ ಮೊದಲು ಬಾಸ್ಕೆಟ್‌ಬಾಲ್ ಆಡಿಕೊಂಡಿದ್ದರು. ಕೋಚ್ ಹೇಳಿದರು ಅಂತ ದೆಹಲಿಯ 19ರೊಳಗಿನವರ ಫುಟ್‌ಬಾಲ್ ಟ್ರಯಲ್‌ಗೆ ಹೋದವರು, ಆಮೇಲೆ ಭಾರತ ತಂಡದ ಗೋಲು ಕಾದರು.

ಥ್ರೋಬಾಲ್, ಕಬಡ್ಡಿ ಎರಡೂ ಒಳ್ಳೆ ಹಿನ್ನೆಲೆ. ಥ್ರೋಬಾಲ್ ಆಡಿದವಳಿಗೆ ತಲೆ ಮೇಲಿನ ಚೆಂಡು ಹಿಡಿಯುವುದು ಹೇಳಿಕೊಡಬೇಕಿಲ್ಲ. ಕಬಡ್ಡಿ ಆಡಿದವಳಿಗೆ ನೆಲ ಅಂದರೆ ಭಯ ಇಲ್ಲ.

ಆದರೆ ಬೀಳುವ ರೀತಿ ಬೇರೆ. ನಮ್ಮ ಕಡೆ ಮೈದಾನ ಅಂದರೆ ಗಟ್ಟಿ ಮೊರಂ. ಹುಡುಗಿಯರು ಡೈವ್ ಹೊಡೆಯುವಾಗ ಮೊದಲು ಮೊಣಕೈ ಊರುತ್ತಾರೆ. ಚರ್ಮ ಕಿತ್ತು ಬರುತ್ತೆ, ಒಂದು ವಾರ ಮುಟ್ಟೋಕಾಗಲ್ಲ. ಆಮೇಲೆ ಆ ಕಡೆ ಚೆಂಡು ಬಂದರೆ ಮೈ ತಾನಾಗೇ ಹಿಂಜರಿಯುತ್ತೆ. ಸರಿಯಾಗಿ ಬಿದ್ದರೆ ಮೊದಲು ತೊಡೆಯ ಪಕ್ಕ, ಆಮೇಲೆ ಸೊಂಟ, ಪಕ್ಕೆ, ಭುಜ. ಹೊಟ್ಟೆ ಮೇಲೆ ಬೀಳಬಾರದು, ಎದೆ ಚೆಂಡಿನ ಕಡೆಗೇ ಇರಬೇಕು. ನಾನು ಶಾಲೆಯಲ್ಲಿ ಭತ್ತದ ಹುಲ್ಲು ಹಾಸಿ ಮೇಲೆ ಹಳೆ ತಾಡಪತ್ರಿ ಎಳೆದು ಕಲಿಸುತ್ತೇನೆ. ಮೊದಲು ಮಂಡಿಯೂರಿ ಕೂತು ಬೀಳುವುದು, ಆಮೇಲೆ ಕುಕ್ಕರುಗಾಲಲ್ಲಿ, ಆಮೇಲೆ ನಿಂತು. ಸಿಂಧನೂರಲ್ಲಿ ಹುಲ್ಲಿಗೇನು ಬರ?

ಇನ್ನೊಂದು, ಅವಳ ಕಾಲು ಹೇಗಿದೆ ನೋಡಿ. ತನ್ನ ತಂಡದವರೇ ಬೇಕಂತ ಕಾಲಲ್ಲಿ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ ಅಂತ ನಿಯಮ ಬಂದಿದ್ದು 1992ರಲ್ಲಿ. ಅಲ್ಲಿಂದ ಕೀಪರ್ ಅಂದರೆ ಕಾಲಲ್ಲೂ ಆಡಬೇಕಾದ ಹನ್ನೊಂದನೇ ಆಟಗಾರ್ತಿ. ಶಾಲಾ ತಂಡದಲ್ಲಿ ದೂರ ಒದ್ದರೆ ಸಾಕು ಅಂತ ಕಲಿಸಿರುತ್ತಾರೆ. ಕ್ಲಬ್ಬಿನವರು ಮೊದಲು ನೋಡುವುದೇ ಅದನ್ನು.

ಬಳ್ಳಾರಿ_ಬಿಸಿಲು

ಪಿ.ಟಿ. ಸರ್ ಹೇಳಿದ್ದು ಕೇಳೋಕೆ ಚೆನ್ನಾಗಿದೆ. ಭಾವನವರ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ನಾನು ಲೆಕ್ಕ ಹೇಳುತ್ತೇನೆ. ದೇಶದ ಮೇಲಿನ ಹಂತದ ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ 2024-25ರಲ್ಲಿ ಆಡಿದ್ದು 8 ತಂಡ. ಒಂದು ತಂಡಕ್ಕೆ ಒಂದು ಗೋಲು. ಅಂದರೆ ಇಡೀ ದೇಶದಲ್ಲಿ ವಾರವಾರ ಗೋಲಿನಲ್ಲಿ ನಿಲ್ಲುವವರು 8 ಜನ. ಅದರಲ್ಲೂ ಕೆಲವು ಕ್ಲಬ್‌ಗಳು ಹೊರದೇಶದವರನ್ನು ತರುತ್ತವೆ. ಫಾರ್ವರ್ಡ್ ಸುಸ್ತಾದರೆ ಬದಲಿ ಇಳಿಸುತ್ತಾರೆ. ಕೀಪರ್‌ನ ಗಾಯ ಆಗದೆ ಯಾರೂ ಬದಲಿಸಲ್ಲ. ಎರಡನೆಯವಳು ವರ್ಷಪೂರ್ತಿ ಬೆಂಚಿನ ಮೇಲೆ ಜಾಕೆಟ್ ಹಾಕ್ಕೊಂಡು ಕೂರಬೇಕು.

ದುಡ್ಡು? ಪ್ರತಿ ಕ್ಲಬ್ ಕನಿಷ್ಠ 10 ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿ ಕೊಡಬೇಕು ಅಂತ ದೇಶದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್ 2023ರಲ್ಲಿ ಹೇಳಿತು. ತಿಂಗಳಿಗೆ 26 ಸಾವಿರ ಚಿಲ್ಲರೆ. ಆ ಹತ್ತರಲ್ಲಿ ಇವಳು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದೂ ಮೇಲಿನ ಹಂತಕ್ಕೆ ಮುಟ್ಟಿದ ಮೇಲಿನ ಮಾತು. ಮೊದಲ ಮೂರ್ನಾಲ್ಕು ವರ್ಷ ಮನೆಯಿಂದಲೇ ಹಾಕಬೇಕು. ಮೂರು ಎಕರೆ ಭತ್ತದವರಿಗೆ ಇದು ಸಣ್ಣ ಮಾತಲ್ಲ.

ರಾಯಚೂರು_ಗ್ಲೌಸ್

ಬಿಸಿಲು ಅಣ್ಣ ಹೇಳಿದ ಲೆಕ್ಕ ಸರಿ. ನಾನು ಆ ಬೆಂಚಿನ ಮೇಲೆ ಕೂತವಳು, ಹಾಗಾಗಿ ಹೇಳುವ ಹಕ್ಕಿದೆ ಅಂದುಕೊಳ್ಳುತ್ತೇನೆ.

ನಾನು ರಾಯಚೂರಿನವಳು. ಡಿಗ್ರಿಗೆ ಅಂತ ಬೆಂಗಳೂರಿಗೆ ಹೋಗಿ ಅಲ್ಲಿ ಲೀಗ್ ಆಡಿದೆ. ಮೊದಲು ಸೇರಿದ್ದು ಹೆಸರುವಾಸಿ ತಂಡ. ಅವರ ಜೆರ್ಸಿ ಹಾಕ್ಕೊಂಡು ಫೋಟೋ ತೆಗೆಸಿ ಮನೆಗೆ ಕಳಿಸಿದ್ದೇ ಕಳಿಸಿದ್ದು. ಪಂದ್ಯ ಮಾತ್ರ ಇಲ್ಲ. ಪ್ರ್ಯಾಕ್ಟೀಸಿನಲ್ಲಿ ನೂರು ಚೆಂಡು ಹಿಡಿದರೂ ಪಂದ್ಯದ ಒಂದು ಕಾರ್ನರ್‌ಗೆ (ಮೈದಾನದ ಮೂಲೆಯಿಂದ ಒದ್ದು ಹಾಕುವ ಚೆಂಡು) ಸಮ ಅಲ್ಲ. ಕಾರ್ನರ್ ಬರುವಾಗ ಏನಾಗುತ್ತೆ ಗೊತ್ತಾ? ಎದುರಾಳಿಗಳಲ್ಲಿ ಒಬ್ಬಳನ್ನು ನಿಮ್ಮ ಮುಂದೆಯೇ ನಿಲ್ಲಿಸುತ್ತಾರೆ. ಅವಳು ಚೆಂಡು ನೋಡಲ್ಲ, ನಿಮ್ಮನ್ನೇ ನೋಡುತ್ತಾಳೆ. ಬೆನ್ನು ಒತ್ತುತ್ತಾಳೆ, ಕಾಲು ತುಳಿಯುತ್ತಾಳೆ, ನೀವು ಹಾರುವ ಹೊತ್ತಿಗೆ ಸರಿಯಾಗಿ ಒಂದು ಹೆಜ್ಜೆ ಅಡ್ಡ ಬರುತ್ತಾಳೆ. ಬರೋದಾ, ಗೋಲ್‌ಲೈನ್‌ನಲ್ಲೇ ಉಳಿಯೋದಾ ಅನ್ನುವುದನ್ನು ಅರ್ಧ ಸೆಕೆಂಡಿನಲ್ಲಿ ತೀರ್ಮಾನ ಮಾಡಬೇಕು. ಇದನ್ನು ಯಾವ ಕೋಚೂ ಕೋನ್ ಇಟ್ಟು ಕಲಿಸೋಕಾಗಲ್ಲ.

ಆಮೇಲೆ ಕೆಳಗಿನ ಡಿವಿಷನ್ನಿನ ಒಂದು ಸಣ್ಣ ತಂಡಕ್ಕೆ ಹೋದೆ. ಗೋಲು ತಿಂದಿದ್ದಕ್ಕೆ ಲೆಕ್ಕ ಇಲ್ಲ. ಡಿಫೆಂಡರ್‌ಗಳು ಆಫೀಸ್ ಮುಗಿಸಿ ಬರುವವರು, ಅರ್ಧ ಪಂದ್ಯಕ್ಕೇ ಉಸಿರು ಕಟ್ಟುತ್ತಿತ್ತು. ಆದರೆ ಪ್ರತಿ ವಾರ ನಾನೇ ಗೋಲಿನಲ್ಲಿ. ನಾನು ಕೀಪರ್ ಆದದ್ದು ಅಲ್ಲಿ.

ಹಾಗಾಗಿ ಮಾಮ, ಟ್ರಯಲ್‌ನಲ್ಲಿ ಪಾಸಾದರೆ ಹಾಸ್ಟೆಲ್ ಹೇಗಿದೆ, ಊಟ ಏನು ಅಂತ ಕೇಳುವ ಮುಂಚೆ ಇದನ್ನು ಕೇಳಿ: "ನಿಮ್ಮ ಮೊದಲ ಕೀಪರ್ ಯಾರು? ಇವಳಿಗೆ ವರ್ಷಕ್ಕೆ ಎಷ್ಟು ಪಂದ್ಯ ಸಿಗುತ್ತೆ?" ಉತ್ತರ ನುಂಗಿಕೊಂಡು ಹೇಳಿದರೆ ಅರ್ಥ ಮಾಡಿಕೊಳ್ಳಿ.

ಇಂಗ್ಲೆಂಡಿನ ಮೇರಿ ಅರ್ಪ್ಸ್ ಗೊತ್ತಲ್ವಾ, 2023ರ ವಿಶ್ವಕಪ್‌ನಲ್ಲಿ ಗೋಲ್ಡನ್ ಗ್ಲೋವ್, ಅಂದರೆ ಅತ್ಯುತ್ತಮ ಕೀಪರ್ ಪ್ರಶಸ್ತಿ ಪಡೆದವರು. ಮ್ಯಾಂಚೆಸ್ಟರ್ ಯುನೈಟೆಡ್ ಸೇರುವ ಮುಂಚೆ ಲೆಸ್ಟರ್, ನಾಟಿಂಗ್‌ಹ್ಯಾಮ್ ಫಾರೆಸ್ಟ್, ಡಾಂಕಾಸ್ಟರ್, ಬರ್ಮಿಂಗ್‌ಹ್ಯಾಮ್, ಬ್ರಿಸ್ಟಲ್, ರೆಡಿಂಗ್, ಜರ್ಮನಿಯ ವುಲ್ಫ್ಸ್‌ಬರ್ಗ್ ಅಂತ ಸುತ್ತಿದ್ದಾರೆ. ಅದರ ನಡುವೆ ಲಫ್‌ಬರೋ ಯೂನಿವರ್ಸಿಟಿಯಲ್ಲಿ ಡಿಗ್ರಿ. ಅದೇ ಲಫ್‌ಬರೋಗೆ ಅದಿತಿ ಚೌಹಾಣ್ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದೋಕೆ ಹೋಗಿ, 2015ರಲ್ಲಿ ವೆಸ್ಟ್ ಹ್ಯಾಮ್ ಮಹಿಳಾ ತಂಡ ಸೇರಿದರು. ಓದು ಬಿಟ್ಟಿದ್ದರೆ ಅದಿತಿಗೆ ಆ ಬಾಗಿಲೇ ತೆರೆಯುತ್ತಿರಲಿಲ್ಲ. ಪಿಯುಸಿ ಬಿಡಿಸಬೇಡಿ.

ನೀಲಿ_ತೋರಣಗಲ್ಲು

ಬೆಂಗಳೂರೇ ಯಾಕೆ? ನಮ್ಮ ತೋರಣಗಲ್ಲಿನ ಜಿಂದಾಲ್ ಟೌನ್‌ಶಿಪ್‌ನಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಬೆಂಗಳೂರು ಎಫ್‌ಸಿ ಕ್ಲಬ್ಬಿನ ಅಕಾಡೆಮಿ ಅಲ್ಲೇ ಇದ್ದದ್ದು. ಕೊಪ್ಪಳದಿಂದ ಹೊಸಪೇಟೆ ದಾಟಿದರೆ ಬಂತು.

ರಾಯಚೂರು_ಗ್ಲೌಸ್

ತಮ್ಮಾ, ಆ ವಸತಿ ಅಕಾಡೆಮಿ ಹುಡುಗರದು. ಇನ್‌ಸ್ಪೈರ್‌ನಲ್ಲಿ ಹುಡುಗಿಯರು ಇದ್ದಾರೆ, ಬಾಕ್ಸಿಂಗ್, ಕುಸ್ತಿ, ಜೂಡೋ, ಅಥ್ಲೆಟಿಕ್ಸ್‌ಗೆ. ಹುಡುಗಿಯರ ಫುಟ್‌ಬಾಲ್‌ಗೆ ನಮ್ಮ ಮೂರೂ ಜಿಲ್ಲೆಯಿಂದ ರೈಲು ಹತ್ತಲೇಬೇಕು.

ನೀಲಿ_ತೋರಣಗಲ್ಲು

ಛೆ. ಮನೆ ಬಾಗಿಲಲ್ಲಿ ಅಷ್ಟು ಒಳ್ಳೆ ಹುಲ್ಲಿನ ಮೈದಾನ ಇಟ್ಟುಕೊಂಡು!

ಮುನಿರಾಬಾದ್_ಮಾಮ

ಎಲ್ಲರಿಗೂ ಥ್ಯಾಂಕ್ಸ್. ಗ್ಲೌಸ್ ಮೇಡಂ, ನೀವು ಹೇಳಿದ ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ. ಇನ್ನೊಂದು ಅನುಮಾನ. ಹುಡುಗಿ 5 ಅಡಿ 5 ಇಂಚು. ನಮ್ಮ ಊರಲ್ಲಿ ಎತ್ತರ, ಆದರೆ ಗೋಲು ನೋಡಿದರೆ ಆನೆ ಬಾಗಿಲು ಇದ್ದ ಹಾಗಿದೆ. ಹೆಂಗಸರ ಆಟಕ್ಕೆ ಗೋಲು ಚಿಕ್ಕದು ಮಾಡಲ್ವಾ?

ಸಿಂಧನೂರು_ಪಿಟಿ

ಇಲ್ಲ. ಗಂಡಸರಿಗೂ ಹೆಂಗಸರಿಗೂ ಒಂದೇ ಗೋಲು. ಕಂಬದಿಂದ ಕಂಬಕ್ಕೆ 7.32 ಮೀಟರ್, ಎತ್ತರ 2.44 ಮೀಟರ್. ಪೆನಾಲ್ಟಿ 11 ಮೀಟರ್‌ನಿಂದ. ಎತ್ತರ ಇದ್ದರೆ ಲಾಭ, ಅದನ್ನು ಅಲ್ಲಗಳೆಯೋಕಾಗಲ್ಲ. ಆದರೆ ನಿಲ್ಲುವ ಜಾಗ ಗೊತ್ತಿದ್ದರೆ ಅರ್ಧ ಗೋಲು ತಾನಾಗೇ ಮುಚ್ಚುತ್ತೆ.

ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗಲ್ಲ. ಒಂದು ಉದ್ದ ಹಗ್ಗ ತಗೊಳ್ಳಿ. ಒಂದು ತುದಿ ಎಡ ಕಂಬಕ್ಕೆ, ಇನ್ನೊಂದು ತುದಿ ಬಲ ಕಂಬಕ್ಕೆ ಕಟ್ಟಿ. ನಡುವಿನ ಹಗ್ಗವನ್ನು ಎಳೆದು ಚೆಂಡು ಇಟ್ಟ ಜಾಗದಲ್ಲಿ ಒಂದು ಗೂಟಕ್ಕೆ ಸಿಕ್ಕಿಸಿ. ತ್ರಿಕೋನ ಆಯ್ತಲ್ಲ, ಹುಡುಗಿಯನ್ನು ಅದರೊಳಗೆ ನಿಲ್ಲಿಸಿ. ಗೋಲ್‌ಲೈನ್ ಮೇಲೆ ನಿಂತಾಗ ಎರಡೂ ಕಡೆ ಹಗ್ಗ ದೂರ. ಮೂರು ಹೆಜ್ಜೆ ಮುಂದೆ ಬಂದರೆ ಕೈ ಚಾಚಿದರೆ ಹಗ್ಗ ಸಿಗುತ್ತೆ. ಈಗ ಗೂಟವನ್ನು ಪಕ್ಕಕ್ಕೆ, ಕಾರ್ನರ್ ಕಡೆಗೆ ಸರಿಸಿ. ತಾನು ಎಷ್ಟು ಸರಿಯಬೇಕು ಅಂತ ಅವಳಿಗೇ ಕಾಣುತ್ತೆ. ಜಾಸ್ತಿ ಮುಂದೆ ಬಂದರೆ ತಲೆ ಮೇಲಿಂದ ಎತ್ತಿ ಹಾಕುತ್ತಾರೆ, ಅದನ್ನೂ ಎರಡು ಸಲ ತೋರಿಸಿ. ನನ್ನ ಶಾಲೆಯಲ್ಲಿ ಇದಕ್ಕೆ ಎತ್ತು ಕಟ್ಟುವ ಹಗ್ಗವೇ ಬಳಕೆ.

ಹೊಸ ನಿಯಮವೂ ತಿಳಿದಿರಲಿ. 2025ರ ಜುಲೈಯಿಂದ ಕೀಪರ್ ಚೆಂಡನ್ನು ಕೈಯಲ್ಲಿ 8 ಸೆಕೆಂಡಿಗಿಂತ ಜಾಸ್ತಿ ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ಕೊನೆಯ ಐದು ಸೆಕೆಂಡನ್ನು ರೆಫರಿ ಕೈ ಎತ್ತಿ ಎಣಿಸುತ್ತಾರೆ. ನಮ್ಮ ಶಾಲಾ ಪಂದ್ಯಗಳಲ್ಲಿ ಮುನ್ನಡೆ ಸಿಕ್ಕ ಕೂಡಲೇ ಕೀಪರ್‌ಗಳು ಚೆಂಡು ತಬ್ಬಿಕೊಂಡು ಮಲಗುತ್ತಾರಲ್ಲ, ಅದು ಅಲ್ಲಿ ನಡೆಯಲ್ಲ.

ಹಂಪಿ_ಎಕ್ಸ್‌ಪ್ರೆಸ್_ಅಮ್ಮ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನ ಮಗಳು ಎಂಟನೇ ಕ್ಲಾಸು, ಹೊಸಪೇಟೆ. ಅವಳಿಗೂ ಕೀಪರ್ ಆಗುವಾಸೆ. ಆದರೆ ಒಂದು ಕಣ್ಣು ಸ್ವಲ್ಪ ಮಾಲುಗಣ್ಣು. "ಇದಕ್ಕೆಲ್ಲಾ ಕಣ್ಣು ನೆಟ್ಟಗಿರಬೇಕು" ಅಂತ ಯಾರೋ ಹೇಳಿಬಿಟ್ಟರು. ಮಗು ಎರಡು ದಿನ ಮಾತಾಡಲಿಲ್ಲ.

ರಾಯಚೂರು_ಗ್ಲೌಸ್

ಅಮ್ಮ, ಪಿ.ಟಿ. ಸರ್ ಮೇಲೆ ಹ್ಯಾನಾ ಹ್ಯಾಂಪ್ಟನ್ ಹೆಸರು ಹೇಳಿದರಲ್ಲ, ಅವರಿಗೆ ಹುಟ್ಟಿನಿಂದಲೇ ಮಾಲುಗಣ್ಣು. ಚಿಕ್ಕಂದಿನಲ್ಲಿ ಹಲವು ಸಲ ಆಪರೇಷನ್ ಆಗಿದೆ. ಚೆಂಡು ಎಷ್ಟು ದೂರದಲ್ಲಿದೆ ಅನ್ನುವ ಅಂದಾಜು ಕಣ್ಣಿಗೆ ಸರಿಯಾಗಿ ಸಿಗಲ್ಲ, ಹಾಗಾಗಿ ಆಟ ಬೇಡ ಅಂತ ಡಾಕ್ಟರ್‌ಗಳೇ ಹೇಳಿದ್ದರು. 2025ರ ಜುಲೈ 27ರಂದು ಬಾಸೆಲ್‌ನಲ್ಲಿ ಯೂರೋ ಫೈನಲ್, ಎದುರಿಗೆ ಸ್ಪೇನ್. ಪೆನಾಲ್ಟಿ ಶೂಟೌಟ್‌ನಲ್ಲಿ ಮಾರಿಯೋನಾ ಕಲ್ಡೆಂಟೆ, ಐತಾನಾ ಬೊನ್ಮತಿ ಇಬ್ಬರ ಒದೆತ ತಡೆದರು. ಇಂಗ್ಲೆಂಡ್ ಕಪ್ ಗೆದ್ದಿತು.

ಎಲ್ಲರ ಕಣ್ಣೂ ಒಂದೇ ಥರ ಅಲ್ಲ, ಕಣ್ಣಿನ ಡಾಕ್ಟರ್‌ಗೆ ತೋರಿಸಿಯೇ ಮುಂದುವರಿಯಿರಿ. ಆದರೆ ದಾರಿಯಲ್ಲಿ ಹೋಗುವ ಯಾರೋ ಹೇಳಿದ ಮಾತಿಗೆ ಆಟ ಬಿಡಿಸಬೇಡಿ. ಆ ಶೂಟೌಟ್ ವಿಡಿಯೋ ತೋರಿಸಿ ಅವಳಿಗೆ.

ಬಳ್ಳಾರಿ_ಬಿಸಿಲು

ಮತ್ತೆ ಇಂಗ್ಲೆಂಡ್, ಅಮೆರಿಕ. ಅಲ್ಲಿ ಹುಡುಗಿಯರಿಗೆ ಮೈದಾನ, ಕೋಚ್, ವಿಮೆ ಎಲ್ಲ ಇದೆ. ಕೊಪ್ಪಳದ ಹುಡುಗಿಗೆ ಅವರ ಕಥೆ ಹೇಳಿ ಏನು ಉಪಯೋಗ?

ಸಿಂಧನೂರು_ಪಿಟಿ

ಸರಿ, ನೈಜೀರಿಯಾದ್ದು ಹೇಳುತ್ತೇನೆ. ಚಿಯಾಮಾಕಾ ನ್ನಾಡೋಜಿ. ಹುಡುಗಿ ಫುಟ್‌ಬಾಲ್ ಆಡುವುದು ಅಪ್ಪನಿಗೇ ಇಷ್ಟ ಇರಲಿಲ್ಲ. ಊರಿನ ಕ್ಲಬ್‌ಗಳಿಂದ ರಿವರ್ಸ್ ಏಂಜೆಲ್ಸ್‌ಗೆ ಬಂದು, 2019ರ ವಿಶ್ವಕಪ್‌ನಲ್ಲಿ 18ನೇ ವಯಸ್ಸಿಗೆ ದಕ್ಷಿಣ ಕೊರಿಯಾ ವಿರುದ್ಧ ಒಂದೂ ಗೋಲು ಬಿಡಲಿಲ್ಲ. ಮರುವರ್ಷ ಪ್ಯಾರಿಸ್ ಎಫ್‌ಸಿ ಕರೆಸಿಕೊಂಡಿತು.

ಅದೂ ದೂರ ಅಂದರೆ ಮಣಿಪುರ ನೋಡಿ. ಸೀನಿಯರ್ ಮಹಿಳಾ ರಾಷ್ಟ್ರೀಯ ಚಾಂಪಿಯನ್‌ಶಿಪ್ ಅನ್ನು 20ಕ್ಕೂ ಹೆಚ್ಚು ಸಲ ಗೆದ್ದ ರಾಜ್ಯ. ನಮ್ಮ ರಾಜ್ಯದ ಒಂದು ವಿಭಾಗದಷ್ಟೂ ಜನ ಅಲ್ಲಿಲ್ಲ. ಅಲ್ಲಿ ಹುಡುಗಿಯರಿಗೆ ಊರಿನ ಕ್ಲಬ್ ಇದೆ, ಕ್ಲಬ್‌ಗೆ ಪಂದ್ಯ ಇದೆ. ಭಾರತ 2026ರ ಏಷ್ಯನ್ ಕಪ್‌ಗೆ ಅರ್ಹತೆ ಗಳಿಸಿದಾಗ, 2025ರ ಜುಲೈನಲ್ಲಿ ಥಾಯ್ಲೆಂಡನ್ನು ಅವರದೇ ನೆಲದಲ್ಲಿ 2-1ರಿಂದ ಸೋಲಿಸಿದಾಗ, ಗೋಲಿನಲ್ಲಿದ್ದ ಪಂಥೋಯಿ ಚಾನು ಮಣಿಪುರದವರು.

ನಮ್ಮ ಕಡೆ ಏನಾಗುತ್ತೆ ನೋಡಿ. ಶಾಲಾ ಕ್ರೀಡಾಕೂಟ ನಾಕೌಟ್. ತಾಲೂಕಿನಲ್ಲಿ ಮೊದಲ ಪಂದ್ಯ ಸೋತರೆ ಮನೆಗೆ. ಅಂದರೆ ಒಬ್ಬ ಒಳ್ಳೆ ಕೀಪರ್ ಹುಡುಗಿ, ತಂಡ ದುರ್ಬಲ ಅನ್ನುವ ಒಂದೇ ಕಾರಣಕ್ಕೆ ವರ್ಷಕ್ಕೆ ಒಂದು ಪಂದ್ಯ ಆಡುತ್ತಾಳೆ. ಒಂದೇ ಒಂದು! ಆಮೇಲೆ ಮುಂದಿನ ಆಗಸ್ಟ್‌ವರೆಗೆ ಗೋಡೆಗೆ ಚೆಂಡು ಒದೆಯಬೇಕು. ತಂಡ ಜಿಲ್ಲಾ ಮಟ್ಟಕ್ಕೆ ಹೋದರೆ ನಾಲ್ಕೋ ಐದೋ. ಮಾಮ ಅವರ ಹುಡುಗಿ ವಿಭಾಗ ಮಟ್ಟಕ್ಕೆ ಹೋಗಿದ್ದಕ್ಕೇ ಯಾರೋ ಒಬ್ಬರ ಕಣ್ಣಿಗೆ ಬಿದ್ದಳು. ಮೊದಲ ಪಂದ್ಯದಲ್ಲೇ ಸೋತ ತಂಡಗಳಲ್ಲಿ ಇವಳಿಗಿಂತ ಚೆನ್ನಾಗಿ ಆಡುವವಳು ಇದ್ದಿರಬಹುದು. ನಮಗೆ ಗೊತ್ತಾಗುವುದೇ ಇಲ್ಲ.

ಬಳ್ಳಾರಿ_ಬಿಸಿಲು

ಇದನ್ನು ಒಪ್ಪುತ್ತೇನೆ. ಸಾಮರ್ಥ್ಯ ಇಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ, ವ್ಯವಸ್ಥೆ ಇಲ್ಲ ಅಂದೆ.

ಮಾಮ, ಒಂದು ಕೆಲಸದ ಮಾತು. ದಾಖಲೆ ಸರಿ ಮಾಡಿಸಿ. ಎಐಎಫ್‌ಎಫ್‌ನ ಆನ್‌ಲೈನ್ ನೋಂದಣಿ ಆಗದೆ ಯಾವ ಅಧಿಕೃತ ಲೀಗ್‌ನಲ್ಲೂ ಆಡಿಸಲ್ಲ. ಜನನ ಪ್ರಮಾಣಪತ್ರ, ಆಧಾರ್, ಮಾರ್ಕ್ಸ್ ಕಾರ್ಡ್ ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇರಬೇಕು. ನಮ್ಮ ಕಡೆ ಅರ್ಧ ಊರು ಜೂನ್ 1ಕ್ಕೆ ಹುಟ್ಟಿದೆ, ಶಾಲೆಗೆ ಸೇರಿಸುವಾಗ ಮಾಸ್ತರು ಬರೆದುಕೊಂಡಿದ್ದು! ವಯೋಮಿತಿ ಟೂರ್ನಿಗಳಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದು ವಯಸ್ಸು ನೋಡುವುದೂ ಇದೆ. ಮತ್ತೆ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಸರ್ಟಿಫಿಕೇಟ್ ಈಗಲೇ ಮಾಡಿಸಿ ಇಟ್ಟುಕೊಳ್ಳಿ. ನಾಳೆ ಆಟ ಕೈಕೊಟ್ಟರೂ ಅದು ಕೈಹಿಡಿಯುತ್ತೆ. ಪೊಲೀಸ್ ನೇಮಕಾತಿಯಲ್ಲಿ ಕ್ರೀಡಾ ಕೋಟಾ ಇದೆ, ರಾಜ್ಯ ಪ್ರತಿನಿಧಿಸಿದ ಸರ್ಟಿಫಿಕೇಟ್ ಇದ್ದರೆ ಭಾವನವರ ಪ್ರಶ್ನೆಗೆ ಅದೂ ಒಂದು ಉತ್ತರ.

ಮುನಿರಾಬಾದ್_ಮಾಮ

ಬಿಸಿಲು ಅವರೇ, ಸರಿಯಾಗಿ ಹಿಡಿದಿರಿ. ಇವಳದೂ ಜೂನ್ 1! ಆಧಾರ್‌ನಲ್ಲಿ ಬೇರೆ. ನಾಳೆಯೇ ನಾಡಕಚೇರಿಗೆ ಹೋಗುತ್ತೇನೆ.

ರಾಯಚೂರು_ಗ್ಲೌಸ್

ಸಾಮಾನಿನ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಗ್ಲೌಸ್ ಎರಡು ಜೊತೆ ಇರಲಿ. ಅಂಗೈಯಲ್ಲಿ ಇರುವುದು ಲೇಟೆಕ್ಸ್ ಫೋಮ್. ಮೊರಂ ನೆಲದಲ್ಲಿ ತಿಂಗಳೊಳಗೆ ಸವೆದು ಹೋಗುತ್ತೆ. ಹಳೆಯದು ಪ್ರ್ಯಾಕ್ಟೀಸಿಗೆ, ಹೊಸದು ಪಂದ್ಯಕ್ಕೆ. ಹಾಕುವ ಮುಂಚೆ ಸ್ವಲ್ಪ ಒದ್ದೆ ಮಾಡಿದರೆ ಹಿಡಿತ ಚೆನ್ನಾಗಿರುತ್ತೆ. ಆಟ ಆದ ಮೇಲೆ ಬರೀ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ರಾಯಚೂರು ಬಿಸಿಲಲ್ಲಿ ಒಣಗಿಸಿದರೆ ಹಪ್ಪಳ. ಅಂಗಡಿಯವರು ಬೆರಳಿಗೆ ಪ್ಲಾಸ್ಟಿಕ್ ಕಡ್ಡಿ ಇರುವುದನ್ನು ದುಬಾರಿ ಬೆಲೆಗೆ ಹಚ್ಚುತ್ತಾರೆ, ಮೊದಲಿಗೆ ಅದು ಬೇಕಿಲ್ಲ. ಅಳತೆ ಸರಿಯಿದ್ದರೆ ಸಾಕು.

ಮೊಣಕೈಗೆ ಪ್ಯಾಡ್, ಸೊಂಟಕ್ಕೆ ಪ್ಯಾಡ್ ಇರುವ ಒಳಚಡ್ಡಿ ಸಿಗುತ್ತೆ, ಅವೆರಡು ಮಾತ್ರ ತಗೊಳ್ಳಿ. ಒಳ್ಳೆ ಸ್ಪೋರ್ಟ್ಸ್ ಬ್ರಾ ಕೂಡ, ಇದನ್ನು ಅಕ್ಕನಿಗೆ ಹೇಳಿ, ನೀವು ನಾಚಿಕೊಂಡು ಬಿಟ್ಟುಬಿಡುತ್ತೀರಿ. ಅಜ್ಜಿಗೆ ಚಡ್ಡಿ ಚಿಂತೆ ಅಲ್ವಾ? ಕೀಪರ್ ಉದ್ದ ಟ್ರ್ಯಾಕ್ ಪ್ಯಾಂಟ್, ತುಂಬು ತೋಳಿನ ಜೆರ್ಸಿ ಹಾಕಿಕೊಂಡು ಆಡಬಹುದು, ನಿಯಮದಲ್ಲಿ ಅಡ್ಡಿ ಇಲ್ಲ. ಕಪ್ಪು ಪ್ಯಾಂಟ್ ಆದರೆ ತಿಂಗಳಿನ ದಿನಗಳಲ್ಲೂ ಚಿಂತೆ ಇಲ್ಲ. ಇದು ನಮ್ಮ ಹಳ್ಳಿ ಹುಡುಗಿಯರ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ, ಇಂಗ್ಲೆಂಡ್ ತಂಡವೇ ಇದೇ ಕಾರಣಕ್ಕೆ 2023ರಲ್ಲಿ ಬಿಳಿ ಚಡ್ಡಿ ಬಿಟ್ಟು ನೀಲಿ ಹಾಕಿತು.

ಕೊನೆಗೆ, ಕೂಗೋದು ಕಲಿಸಿ. ಕೀಪರ್‌ಗೆ ಮಾತ್ರ ಇಡೀ ಮೈದಾನ ಕಾಣುತ್ತೆ. ಹಿಂದಿನಿಂದ ಯಾರು ಬರುತ್ತಿದ್ದಾರೆ ಅಂತ ಅವಳು ಕೂಗದಿದ್ದರೆ ಡಿಫೆಂಡರ್‌ಗೆ ಗೊತ್ತಾಗಲ್ಲ. "ಹೆಣ್ಣುಮಕ್ಕಳು ದನಿ ಎತ್ತಬಾರದು" ಅಂತ ಹೇಳಿ ಬೆಳೆಸಿರುತ್ತಾರಲ್ಲ, ನನಗೆ ಡೈವ್ ಹೊಡೆಯೋದಕ್ಕಿಂತ ಇದು ಕಷ್ಟ ಆಯ್ತು. ನನಗಿಂತ ಹತ್ತು ವರ್ಷ ದೊಡ್ಡವರಾದ ಡಿಫೆಂಡರ್‌ಗೆ "ಎಡಕ್ಕೆ ಬಾ!" ಅಂತ ಕೂಗಬೇಕು. ಮೊದಮೊದಲು "ಅಕ್ಕಾ, ಸ್ವಲ್ಪ ಎಡಕ್ಕೆ ಬರ್ತೀರಾ" ಅನ್ನುವಷ್ಟರಲ್ಲಿ ಗೋಲಾಗಿರುತ್ತಿತ್ತು.

ಮುನಿರಾಬಾದ್_ಮಾಮ

ಅಪ್‌ಡೇಟ್. ಪರೀಕ್ಷೆ ಮುಗಿಯಿತು, ಟ್ರಯಲ್ ಆಯ್ತು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರು. ಭಾವನೂ ಬಂದಿದ್ದರು, ಅದೇ ದೊಡ್ಡ ಸಂಗತಿ.

ಪಿ.ಟಿ. ಸರ್ ಹೇಳಿದ ಹಾಗೇ ಆಯ್ತು. ಮೊದಲು ಕೈ ನೋಡಲೇ ಇಲ್ಲ. ಎಡಗಾಲಲ್ಲಿ ಪಾಸ್ ಕೊಡು ಅಂದರು. ಮೊದಲ ಎರಡು ಪಾಸ್ ಎಲ್ಲಿಗೋ ಹೋದವು. ಮುಖ ಕೆಂಪಾಯ್ತು ಹುಡುಗಿಗೆ. ಆಮೇಲೆ ಪಕ್ಕದಿಂದ ಎತ್ತಿ ಹಾಕುವ ಚೆಂಡುಗಳು. ಅಲ್ಲಿ ಥ್ರೋಬಾಲ್ ಕೈ ಕೆಲಸ ಮಾಡಿತು, ಒಂದನ್ನೂ ಬಿಡಲಿಲ್ಲ. ಕೃತಕ ಹುಲ್ಲಿನ ಮೈದಾನ ಅವಳಿಗೆ ಹೊಸದು, ಚೆಂಡು ಜಾಸ್ತಿ ಪುಟಿಯುತ್ತೆ ಅಂದಳು. ಕೊನೆಗೆ ಐದೈದು ಜನರ ಆಟ. ಅದರಲ್ಲಿ ಕೂಗಿದಳು ನೋಡಿ, ಭಾವ ನನ್ನ ಕಡೆ ತಿರುಗಿ "ಇದು ನಮ್ಮದೇ ಏನಲೇ?" ಅಂದರು.

ತಗೊಳ್ಳುತ್ತೇವೆ ಅಂದಿದ್ದಾರೆ. ಹಾಸ್ಟೆಲ್, ಊಟ ಅವರದು, ಕಾಲೇಜು ಫೀಸು ನಮ್ಮದು, ಮೊದಲ ವರ್ಷ ಸಂಬಳ ಇಲ್ಲ. ನಾನು ಗ್ಲೌಸ್ ಮೇಡಂ ಹೇಳಿದ ಪ್ರಶ್ನೆ ಕೇಳಿದೆ. ಸೀನಿಯರ್ ತಂಡದಲ್ಲಿ ಇಬ್ಬರು ಕೀಪರ್ ಇದ್ದಾರೆ, ಇವಳು ಮೂರನೆಯವಳು, "ಜೂನಿಯರ್ ಪಂದ್ಯಗಳಲ್ಲಿ ಆಡಿಸುತ್ತೇವೆ, ನೋಡೋಣ" ಅಂದರು.

ರಾಯಚೂರು_ಗ್ಲೌಸ್

"ನೋಡೋಣ" ಅಂದರೆ ಇಲ್ಲ ಅಂತಲೇ ಇಟ್ಟುಕೊಳ್ಳಿ. ಆದರೂ ಬಾಗಿಲು ಮುಚ್ಚಬೇಡಿ. ಫೋನ್ ಮಾಡಿ ಎರಡು ಮಾತು ಕೇಳಿ. ಒಂದು, ಸೀನಿಯರ್ ತಂಡದಲ್ಲಿ ಜಾಗ ಇಲ್ಲದಿದ್ದರೆ ಕೆಳಗಿನ ಡಿವಿಷನ್ನಿನ ಬೇರೆ ತಂಡಕ್ಕೆ ಒಂದು ಸೀಸನ್ ಆಡೋಕೆ ಬಿಡುತ್ತೀರಾ ಅಂತ. ಎರಡು, ಅವಳು ಕಾಲೇಜು ತಂಡಕ್ಕೆ ಆಡಬಹುದಾ ಅಂತ. ಎರಡಕ್ಕೂ ಹೂಂ ಅಂದರೆ ಬರೆದು ಕೊಡಿ ಅನ್ನಿ. 18 ತುಂಬಿಲ್ಲದ ಹುಡುಗಿ, ಸಹಿ ಮಾಡಬೇಕಾದವರು ಭಾವ. ಓದದೆ ಸಹಿ ಬೇಡ. ಬಾಯಿ ಮಾತಲ್ಲಿ ಭತ್ಯೆ ಕೊಡುತ್ತೇವೆ ಅಂದ ಒಂದು ತಂಡದಿಂದ ನನಗೆ ಬರಬೇಕಾದ ದುಡ್ಡು ಇವತ್ತಿಗೂ ಬಂದಿಲ್ಲ.

ಗಾಯ ಆದರೆ ಖರ್ಚು ಯಾರದು ಅನ್ನುವುದೂ ಅದರಲ್ಲಿ ಇರಲಿ. ಮಂಡಿಯ ಲಿಗಮೆಂಟ್ ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಜಾಸ್ತಿ. ಆಪರೇಷನ್ ಆದರೆ ಮೈದಾನಕ್ಕೆ ಮರಳೋಕೆ ಸುಮಾರು ಒಂದು ವರ್ಷ.

ಬಳ್ಳಾರಿ_ಬಿಸಿಲು

ಭಾವ ಏನಂತಾರೆ?

ಮುನಿರಾಬಾದ್_ಮಾಮ

ಪಿಯುಸಿ ಮುಗಿಯುವ ತನಕ ಎರಡು ವರ್ಷ ಕೊಡುತ್ತೇನೆ ಅಂದಿದ್ದಾರೆ, ಅದೂ ಬರವಣಿಗೆಯಲ್ಲಿ ಸಿಕ್ಕರೆ. ಅವ್ವ ಇನ್ನೂ ಒಪ್ಪಿಲ್ಲ. ಪೂರ್ತಿ ತೋಳಿನ ಜೆರ್ಸಿ ತೋರಿಸಿದೆವು, "ಬಣ್ಣ ಚಲೋ ಐತಿ" ಅಂದಳು, ಅಷ್ಟೇ. ಜೂನ್‌ವರೆಗೆ ಹುಡುಗಿ ಊರಲ್ಲೇ ಇರುತ್ತಾಳೆ. ಅಲ್ಲಿಯವರೆಗೆ ಎಡಗಾಲಿಗೆ ಏನಾದರೂ ಮಾಡಬೇಕು ಸರ್.

ಸಿಂಧನೂರು_ಪಿಟಿ

ಗೋಡೆಯಿಂದ ಹತ್ತು ಹೆಜ್ಜೆ ದೂರ ನಿಂತು ಎಡಗಾಲಿನ ಒಳಬದಿಯಲ್ಲಿ ಒದೆಯಲಿ, ವಾಪಸ್ ಬಂದದ್ದನ್ನು ಒಂದೇ ಸಲಕ್ಕೆ ಕಾಲಡಿ ನಿಲ್ಲಿಸಲಿ. ಬೆಳಿಗ್ಗೆ ಆರಕ್ಕೆ, ಬಿಸಿಲೇರುವ ಮುಂಚೆ. ಆದರೆ ನಾನು ಮೇಲೆ ಬರೆದದ್ದೇ, ಗೋಡೆ ಸಾಲಲ್ಲ.

ನಾನು ಒಂದು ಮಾತು ಕೇಳುತ್ತೇನೆ. ರಜೆಯಲ್ಲಿ ಭಾನುವಾರ ಭಾನುವಾರ ನಾವೇ ಪಂದ್ಯ ಆಡಿಸಿದರೆ ಹೇಗೆ? ನನ್ನ ಹತ್ತಿರ ಹದಿಮೂರು ಹುಡುಗಿಯರಿದ್ದಾರೆ. ಗಂಗಾವತಿ ನಡುವೆ ಬರುತ್ತೆ, ಕೊಪ್ಪಳದವರಿಗೂ ನಮಗೂ ಬಸ್ಸಿದೆ. ಹೊಸಪೇಟೆಯ ಅಮ್ಮ ಮಗಳನ್ನು ಕರೆತರಲಿ, ಇಬ್ಬರು ಕೀಪರ್ ಆಯ್ತು. ನಾಕೌಟ್ ಬೇಡ, ಕಪ್ಪೂ ಬೇಡ. ಸೋತರೂ ಮುಂದಿನ ವಾರ ಮತ್ತೆ ಆಟ.

ಹಂಪಿ_ಎಕ್ಸ್‌ಪ್ರೆಸ್_ಅಮ್ಮ

ನಾವು ಬರುತ್ತೇವೆ ಸರ್. ಅವಳ ಶಾಲೆಯ ಇನ್ನೂ ನಾಲ್ಕು ಹುಡುಗಿಯರು ಕೇಳುತ್ತಿದ್ದಾರೆ. ಕಣ್ಣಿನ ಡಾಕ್ಟರ್ ಕೂಡ ಆಡಲಿ ಬಿಡಿ ಅಂದರು.

ಬಳ್ಳಾರಿ_ಬಿಸಿಲು

ನಾನು ರೆಫರಿ ಆಗುತ್ತೇನೆ. ಕಾಲೇಜಿನಲ್ಲಿ ಆಡಿದ್ದೆ, ಸೀಟಿ ಇನ್ನೂ ಇದೆ. 8 ಸೆಕೆಂಡ್ ಎಣಿಸುತ್ತೇನೆ, ಯಾರ ಮುಲಾಜೂ ಇಲ್ಲ. ಗೋಲಿಗೆ ನೆಟ್ ಇದೆಯಾ ಗಂಗಾವತಿಯಲ್ಲಿ?

ಮುನಿರಾಬಾದ್_ಮಾಮ

ಕಂಬ ಇವೆ, ನೆಟ್ ಇಲ್ಲ. ಡ್ಯಾಮಿನ ಹತ್ತಿರ ಮೀನು ಹಿಡಿಯುವವರ ಬಳಿ ಹಳೆ ಬಲೆ ಇರುತ್ತೆ, ಕೇಳಿ ತರುತ್ತೇನೆ. ವಾಸನೆ ಹೋಗೋಕೆ ಒಂದು ದಿನ ಒಣಹಾಕಬೇಕು. ಚೆಂಡು ಯಾರದು?

ಸಿಂಧನೂರು_ಪಿಟಿ

5 ನಂಬರಿನ ಚೆಂಡು ಎರಡಿವೆ, ನಾನು ತರುತ್ತೇನೆ. ಪಂಪ್ ನೀವು ತನ್ನಿ, ನಮ್ಮದು ಗಾಳಿ ಬಿಡುತ್ತೆ.